ಹಡಗು ಸೋರಿತೋ, ಮಳೆ ಬಂತೋ?

ಪ್ರಶ್ನೆ: ಮಗಳು, ಅಳಿಯ ಜಪಾನಿನ ಯೊಕೊಸುಕಾದಲ್ಲಿದ್ದಾರೆ. ಅಮೆರಿಕದ ಅಣುಶಕ್ತಿ ವಿಮಾನವಾಹಕ ಹಡಗಿಗೆ ಅದೇ ನೆಲೆ. ಬಂದರಿನ ಸುತ್ತಲ ವಿಕಿರಣದ ಅಂಕಿಗಳನ್ನು ಜಪಾನ್ ಸರ್ಕಾರ ಇಂಟರ್‌ನೆಟ್‌ನಲ್ಲಿ ಹಾಕುತ್ತದೆ. ಅಳಿಯ ತೋರಿಸಿಕೊಟ್ಟಾಗಿನಿಂದ ದಿನಾ ನೋಡುತ್ತೇನೆ. ಮೊನ್ನೆ ರಾತ್ರಿ ಗೆರೆ ಸರ್ರನೆ ಏರಿ, ಬೆಳಗಾಗುವಷ್ಟರಲ್ಲಿ ಇಳಿದಿತ್ತು. ಸೋರಿದ್ದನ್ನು ಮುಚ್ಚಿಟ್ಟರೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ತಾಯೀ, ಮೊದಲು ಮಗಳಿಗೆ ಫೋನ್ ಮಾಡಿ, ಆ ರಾತ್ರಿ ಅಲ್ಲಿ ಮಳೆ ಬಂತೇ ಕೇಳಿ.

ನೆಲದಿಂದ ವಿಕಿರಣ ಸೂಸುವ ರೇಡಾನ್ ಅನಿಲ ಸದಾ ಹೊರಬರುತ್ತಿರುತ್ತದೆ. ಅದರಿಂದ ಹುಟ್ಟುವ, ಅದರಂತೆಯೇ ವಿಕಿರಣ ಸೂಸುವ ಸೀಸ-214, ಬಿಸ್ಮತ್-214 ಗಾಳಿಯ ಧೂಳಿಗೆ ಅಂಟಿ ತೇಲುತ್ತವೆ. ಮಳೆ ಅವನ್ನು ತೊಳೆದು ನೆಲಕ್ಕೆ ತರುತ್ತದೆ, ಮೀಟರ್ ಏರುತ್ತದೆ. ಒಂದರ ಅರ್ಧಾಯು (ಇದ್ದದ್ದು ಅರ್ಧಕ್ಕಿಳಿಯಲು ಬೇಕಾದ ಹೊತ್ತು) ಸುಮಾರು 27 ನಿಮಿಷ, ಇನ್ನೊಂದರದು 20. ಹಾಗಾಗಿ ಮಳೆ ನಿಂತ ಎರಡು ಮೂರು ಗಂಟೆಯಲ್ಲಿ ಎಲ್ಲ ಮಾಮೂಲಿಗೆ ಬರುತ್ತದೆ. ಜಯನಗರದ ನಮ್ಮ ತಾರಸಿಯಲ್ಲಿಟ್ಟ ಹಳೇ ಸೋಡಿಯಂ ಅಯೋಡೈಡ್ ಹರಳಿನ ವಿಕಿರಣ ಮೀಟರೂ ಜೋರು ಮಳೆಗೆ ಹೀಗೇ ಕುಣಿಯುತ್ತದೆ. ಬೆಂಗಳೂರಿಗೆ ಯಾವ ಹಡಗು ಬರಬೇಕು, ಹೇಳಿ!

ಆದರೆ ಬೇಗ ಇಳಿಯಿತು ಅಂದಮಾತ್ರಕ್ಕೆ ಸೋರಿಕೆಯಲ್ಲ ಎನ್ನಲಾಗದು. ರಿಯಾಕ್ಟರಿನ ಅನಿಲ ಗಾಳಿಯಲ್ಲಿ ಹಾದುಹೋದರೂ ಗೆರೆ ಏರಿ ಇಳಿಯುತ್ತದೆ. ಅದಕ್ಕೇ ನಾನಾದರೆ ಗೆರೆಯ ಎತ್ತರ ಬಿಟ್ಟು, ಬಂದ ಗಾಮಾ ಕಿರಣದ ಶಕ್ತಿ ಎಷ್ಟೆಂದು ಹುಡುಕುತ್ತೇನೆ. ಬಿಸ್ಮತ್-214ರ ಗುರುತು 609 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕಿರಣದ ಶಕ್ತಿಯ ಅಳತೆ). ರಿಯಾಕ್ಟರಿನಲ್ಲಿ ಹುಟ್ಟುವ ಸೀಸಿಯಂ-137ರದು 662. ಸೋಡಿಯಂ ಅಯೋಡೈಡ್ ಮೀಟರಿನ ನಕ್ಷೆಯಲ್ಲಿ ಈ ಎರಡರ ದಿಬ್ಬ ಒಂದಕ್ಕೊಂದು ಒರಗಿಕೊಂಡಂತೆ ಕಾಣುತ್ತವೆ. ಪಳಗಿದ ಕಣ್ಣೂ ತಡವರಿಸುತ್ತದೆ. ರಿಯಾಕ್ಟರಿನವೇ ಆದ ಅಯೋಡಿನ್-131 ಆದರೆ 364, ಕೋಬಾಲ್ಟ್-60 ಆದರೆ 1173 ಮತ್ತು 1332. ಇವು ಮಳೆಯಿಂದ ಬರುವಂಥವಲ್ಲ.

ನಿಮ್ಮ ಅನುಮಾನ ಮಾತ್ರ ಸುಮ್ಮನೆ ಹುಟ್ಟಿದ್ದಲ್ಲ. 1968ರ ಮೇ ತಿಂಗಳಲ್ಲಿ ಜಪಾನಿನದೇ ಸಾಸೆಬೊ ಬಂದರಿನಲ್ಲಿ ಅಮೆರಿಕದ ಸೋರ್ಡ್‌ಫಿಶ್ ಎಂಬ ಅಣುಶಕ್ತಿ ಜಲಾಂತರ್ಗಾಮಿಯ ಹತ್ತಿರ ಜಪಾನಿನ ತಪಾಸಣಾ ದೋಣಿಯ ಮೀಟರ್ ಮಾಮೂಲಿಗಿಂತ ಬಹಳ ಮೇಲೇರಿತು. ಅಮೆರಿಕ ತನ್ನದಲ್ಲ ಎಂದಿತು. ಊರಿನವರು ಬೀದಿಗಿಳಿದರು. ಅಂಥ ಜಗಳ ನೆನೆದಾಗ ಈ ಅಂಕಿಗಳೆಲ್ಲ ಜನರ ಕಣ್ಣಿಗೆ ಬಿದ್ದರೆ ಒಳ್ಳೆಯದು ಎಂದು ನನಗೂ ಅನ್ನಿಸುತ್ತದೆ.

ಬಂದರಿನ ಸುತ್ತ ಇರುವ ಮೀಟರುಗಳಲ್ಲಿ ಎಲ್ಲವೂ ಒಟ್ಟಿಗೆ ಏರಿದ್ದವೇ, ಒಂದು ಮಾತ್ರವೇ? ಸಮುದ್ರದ ನೀರಿನ ಅಂಕಿ ಅಲ್ಲಾಡಿತ್ತೇ? ಮಳೆಯಿಲ್ಲದ ರಾತ್ರಿ, ಹಡಗಿನ ಹತ್ತಿರದ್ದು ಮಾತ್ರ ಏರಿದ್ದರೆ ಗಂಟೆವಾರು ಅಂಕಿಗಳನ್ನು ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅವನ್ನೇ ಹಿಡಿದು ನೋಡೋಣ.