ಸಕ್ಕರೆ ಕಾಯಿಲೆಯಿರುವ ನಮ್ಮ ಮಾವನವರ ಪಾದ ನೋವೇ ಇಲ್ಲದೆ ಊದಿ ಸೊಟ್ಟಗಾಗುತ್ತಿದೆ, ಏಕೆ?

ನೋವು ತಿಳಿಸುವ ನರಗಳೇ ಹಾಳಾಗಿರಬಹುದು. ಬಹುಕಾಲದ ಸಕ್ಕರೆ ಕಾಯಿಲೆ ಮಾಡುವ ಕೆಲಸವಿದು. ಕೋಲಾರದ ಟೊಮೆಟೊ ತೋಟದ ಬದುವಿನಲ್ಲಿ ಕಾಲು ಹೊರಳಿದರೆ ನಾವು ಕುಂಟುತ್ತಾ ಕುಳಿತುಬಿಡುತ್ತೇವೆ. ಅವರು ಕ್ರೇಟ್ ಹೊತ್ತು ನಡೆಯುತ್ತಲೇ ಇರುತ್ತಾರೆ. ಕೂದಲೆಳೆಯ ಬಿರುಕು ಮುರಿತವಾಗಿ, ಕೀಲು ಜಾರಿ, ಪಾದದ ಕಮಾನು ಕುಸಿಯುತ್ತದೆ. ಜೊತೆಗೆ ಒಳಗಿನ ಉರಿಯೂತ ಮೂಳೆಯನ್ನೂ ಸವೆಸುತ್ತದೆ. ಇದೇ ಶಾರ್ಕೋ ಪಾದ; 1868ರಲ್ಲಿ ಇಂಥ ಕೀಲುಗಳನ್ನು ವಿವರಿಸಿದ ಫ್ರೆಂಚ್ ವೈದ್ಯರ ಹೆಸರು.

ಒಂದೇ ಪಾದ ಕೆಂಪಗೆ ಊದಿ, ಮುಟ್ಟಿದರೆ ಇನ್ನೊಂದಕ್ಕಿಂತ ಬಿಸಿಯಾಗಿದ್ದರೆ ಎಣ್ಣೆ ತಿಕ್ಕುತ್ತಾ ಕೂರಬೇಡಿ (ನಾಟಿ ಪಟ್ಟಿಯಂತೂ ಬೇಡವೇ ಬೇಡ). ಆ ಕಾಲಿನ ಮೇಲೆ ಭಾರ ಬಿಡದೆ ಅಂದೇ ವೈದ್ಯರಿಗೆ ತೋರಿಸಿ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಚಿಕಿತ್ಸೆಯೆಂದರೆ ಮುಖ್ಯವಾಗಿ ತಿಂಗಳುಗಟ್ಟಲೆ ಪ್ಲಾಸ್ಟರ್.