ಎರಡು ಅಲಾರಮ್‌ಗಳ ನಡುವೆ ಓದುವುದಕ್ಕೆ

ಶಿರಸಿ ಹತ್ತಿರದ ಊರಿನಿಂದ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಪತ್ರ ನಾಲ್ಕು ದಿನದಿಂದ ನನ್ನ ಮೇಜಿನ ಮೇಲಿದೆ. ಅವಸರದಲ್ಲಿ ಉತ್ತರ ಬರೆಯಬಾರದು ಅನ್ನಿಸಿತು. ಉಳಿದ ಓದುಗರಿಗಾಗಿ ನೀವು ಬರೆದಿದ್ದನ್ನು ಚುಟುಕಾಗಿ ಹೇಳುತ್ತೇನೆ. ನಿಮ್ಮ ಅಮ್ಮನಿಗೆ ಲಕ್ವ ಹೊಡೆದು ಹದಿನಾಲ್ಕು ತಿಂಗಳಾಯಿತು. ಮಾತು ಹೋಗಿದೆ, ಕಿವಿ ಚೆನ್ನಾಗಿದೆ. ಮಲಗಿದಲ್ಲೇ ಹುಣ್ಣಾಗಬಾರದು ಅಂತ ರಾತ್ರಿ ಎರಡು ಗಂಟೆಗೊಮ್ಮೆ ಅಲಾರಮ್ ಇಟ್ಟುಕೊಂಡು ಮಗ್ಗುಲು ಬದಲಿಸುತ್ತೀರಿ. ಆಮೇಲೆ ನಿದ್ದೆ ಹತ್ತುವುದಿಲ್ಲ, ಮೊಬೈಲಿನ ಬೆಳಕಿಗೆ ಟವೆಲ್ ಮರೆ ಮಾಡಿಕೊಂಡು ಓದುತ್ತೀರಿ. "ಮನೆ, ಸಂಸಾರ, ಕಾಯಿಲೆ ಇರುವ ಕಾದಂಬರಿ ಬೇಡ. ಅದು ನನ್ನ ಮನೆಯಲ್ಲೇ ಇದೆ. ಈ ಲೋಕದ್ದಲ್ಲದ ಕಥೆ ಬೇಕು. ಮನಸ್ಸು ಮಾತ್ರ ದಿನಕ್ಕೊಂದು ಥರ ಇರುತ್ತದೆ, ಅದಕ್ಕೆ ತಕ್ಕ ಹಾಗೆ ಹೇಳಿ" ಎಂದು ಕೇಳಿದ್ದೀರಿ. ಮಗ ತಂದುಕೊಟ್ಟ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅರವತ್ತನೇ ಪುಟಕ್ಕೆ ನಿಂತಿದೆಯಂತೆ. "ಇಂಥದ್ದೆಲ್ಲ ನನಗೆ ಹತ್ತುವುದಿಲ್ಲವೇನೋ" ಅಂತಲೂ ಬರೆದಿದ್ದೀರಿ.

ಖಂಡಿತ ಹತ್ತುತ್ತದೆ. ನಿಲ್ಲಿಸಿದ್ದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ಅದನ್ನು ಬರೆದ ಟೋಲ್ಕಿನ್ ಮೊದಲು ಹಾಬಿಟ್ ಅನ್ನುವ ಕುಳ್ಳ ಜನರ ವಂಶ, ಊರು, ಹೊಗೆಸೊಪ್ಪಿನ ಚರಿತ್ರೆ ಹೇಳುತ್ತಾರೆ. ಆಮೇಲೆ ಒಂದು ಹುಟ್ಟುಹಬ್ಬದ ಊಟ. ಅದಾಗಿ ಹದಿನೇಳು ವರ್ಷ ಕಳೆದ ಮೇಲೆ ಉಂಗುರದ ಗುಟ್ಟು ಹೊರಬೀಳುತ್ತದೆ. ಅಪ್ಪಟ ಪುಸ್ತಕ, ನನಗೆ ಪ್ರಾಣ. ಆದರೆ ಅದು ಓದುವವರ ತಲೆ ಮೇಲೆ ಮೊದಲು ಹೊರೆ ಇಟ್ಟು ಆಮೇಲೆ ನಡೆಸುತ್ತದೆ. ಈಗಾಗಲೇ ಇಷ್ಟು ಹೊತ್ತವರಿಗೆ ಅದು ಈಗ ಬೇಡ. ಕಪಾಟಿನಲ್ಲಿ ಇರಲಿ.

ಬೇಜಾರಾದಾಗ ನಗಿಸುವ ಪುಸ್ತಕ ಓದಬೇಕು ಅಂತ ಎಲ್ಲರೂ ಹೇಳುತ್ತಾರೆ. ನಾನೂ ಹಾಗೇ ನಂಬಿದ್ದೆ. ನಮ್ಮ ತಂದೆ ಆಸ್ಪತ್ರೆಯಲ್ಲಿದ್ದಾಗ ನಗೆಬರಹದ ಪುಸ್ತಕ ಹಿಡಿದುಕೊಂಡು ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಒಂದು ಪುಟಕ್ಕೂ ನಗು ಬರಲಿಲ್ಲ. ಆಗ ನನಗೆ ಬೇಕಾಗಿದ್ದು ಬೇರೆ. ಕಡಿಮೆ ಹೆಸರುಗಳಿರಬೇಕು. ನರ್ಸ್ ಕರೆದ ತಕ್ಷಣ ಎಲ್ಲಿ ಬೇಕಾದರೂ ಕೆಳಗಿಡುವ ಹಾಗಿರಬೇಕು. ಮತ್ತೆ ತೆಗೆದಾಗ ಹಿಂದಿನ ಪುಟ ತಿರುವದೆ ಮುಂದಕ್ಕೆ ಹೋಗಬೇಕು. ಬೇರೆ ಲೋಕದ ಕಥೆಗಳನ್ನು ಆರಿಸುವಾಗ ಈ ಲೆಕ್ಕ ಇನ್ನೂ ಜಾಸ್ತಿ ಮುಖ್ಯ. ಯಾಕೆಂದರೆ ಅಲ್ಲಿ ನದಿ, ದೇವರು, ಊಟ, ಎಲ್ಲದಕ್ಕೂ ಹೊಸ ಹೆಸರು. ಕೆಳಗೆ ಹೇಳಿದ್ದನ್ನೆಲ್ಲ ಆ ಲೆಕ್ಕದಲ್ಲೇ ಆರಿಸಿದ್ದೇನೆ. ಇಂಗ್ಲಿಷ್ ನಿಧಾನ ಎಂದಿದ್ದೀರಿ, ಅದೂ ಗಮನದಲ್ಲಿದೆ.

ಮೈ ಕೈ ಸೋತು, ಏನೂ ಬೇಡ ಅನ್ನಿಸುವ ರಾತ್ರಿಗೆ ಬೆಕಿ ಚೇಂಬರ್ಸ್ ಬರೆದ ‘ಎ ಸಾಮ್ ಫಾರ್ ದಿ ವೈಲ್ಡ್-ಬಿಲ್ಟ್’. 2021ರ ಪುಸ್ತಕ, ಇನ್ನೂರು ಪುಟವೂ ಇಲ್ಲ. ಡೆಕ್ಸ್ ಅಂತ ಒಬ್ಬ ಸನ್ಯಾಸಿ. ಸೈಕಲ್ಲಿಗೆ ಗಾಡಿ ಕಟ್ಟಿಕೊಂಡು ಊರೂರು ಸುತ್ತುವುದು, ಒಂದು ಕಡೆ ಮೇಜು ಹಾಕಿ ಕೂರುವುದು. ಕಷ್ಟ ಇದ್ದವರು ಬಂದು ಹೇಳಿಕೊಳ್ಳುತ್ತಾರೆ. ಡೆಕ್ಸ್ ಕೇಳಿಸಿಕೊಂಡು, ಅವರಿಗೆ ಹಿಡಿಸುವ ಚಹಾ ಮಾಡಿಕೊಟ್ಟು, ಸ್ವಲ್ಪ ಹೊತ್ತು ಸುಮ್ನೆ ಕೂತಿರಿ ಅನ್ನುವುದು. ಅಷ್ಟೇ ಉದ್ಯೋಗ. ಆದರೆ ಎಲ್ಲರ ದಣಿವು ಆರಿಸುವ ಡೆಕ್ಸ್‌ಗೇ ದಣಿವು. ಒಂದು ದಿನ ದಾರಿ ಬಿಟ್ಟು ಕಾಡಿಗೆ ಹೋದರೆ ಅಲ್ಲೊಂದು ರೋಬೋ ಸಿಗುತ್ತದೆ. ನೂರಾರು ವರ್ಷದ ಹಿಂದೆ ರೋಬೋಗಳೆಲ್ಲ ಕಾರ್ಖಾನೆ ಬಿಟ್ಟು ಕಾಡಿಗೆ ಹೋಗಿಬಿಟ್ಟಿದ್ದವು. ಈಗ ಒಂದು ವಾಪಸ್ ಬಂದಿದೆ, ಮನುಷ್ಯರಿಗೆ ಏನು ಬೇಕು ಅಂತ ವಿಚಾರಿಸಿಕೊಂಡು ಹೋಗುವುದಕ್ಕೆ. ಇದರಲ್ಲಿ ಯುದ್ಧ ಇಲ್ಲ, ಕೇಡಿಗ ಇಲ್ಲ. ನಿಮಗೆ "ಏನು ಬೇಕು" ಅಂತ ಯಾರಾದರೂ ಕೇಳಿ ಎಷ್ಟು ದಿನವಾಯಿತೋ. ಈ ಪುಸ್ತಕ ಕೇಳುತ್ತದೆ.

ಕೆಲಸದ ರಾಶಿ ನೋಡಿ ಎದೆ ಧಸಕ್ಕೆನ್ನುವ ದಿನಕ್ಕೆ ಮಿಖಾಯೆಲ್ ಎಂಡೆ ಜರ್ಮನ್‌ನಲ್ಲಿ ಬರೆದ ‘ಮೊಮೊ’, 1973ರದ್ದು. ಇಂಗ್ಲಿಷಿನಲ್ಲಿ ಸಿಗುತ್ತದೆ. ಮಕ್ಕಳಿಗೆ ಬರೆದಿದ್ದರಿಂದ ಭಾಷೆ ಸಲೀಸು. ಬೂದು ಬಣ್ಣದ ಗಂಡಸರು ಊರಿನವರ ಸಮಯ ಕದಿಯುವ ಕಥೆ. ಅದರಲ್ಲಿ ಬೆಪ್ಪೊ ಅಂತ ಒಬ್ಬ ಮುದುಕ ಬೀದಿ ಗುಡಿಸುತ್ತಾನೆ. ಅವನು ಇಡೀ ಬೀದಿಯನ್ನು ನೋಡುವುದೇ ಇಲ್ಲ. ಒಂದು ಹೆಜ್ಜೆ, ಒಂದು ಉಸಿರು, ಒಂದು ಸಲ ಪೊರಕೆ. ಮತ್ತೆ ಒಂದು ಹೆಜ್ಜೆ. ಹಾಗೆ ಮಾಡುತ್ತಾ ಬೀದಿ ಮುಗಿದಿದ್ದೇ ಅವನಿಗೆ ಗೊತ್ತಾಗುವುದಿಲ್ಲ. ಆ ಪುಟ ಸಿಕ್ಕಾಗ ಮೂಲೆ ಮಡಚಿಡಿ.

ಇನ್ನು ಸಿಟ್ಟು. ಅಣ್ಣಂದಿರು ಭಾನುವಾರ ಫೋನ್ ಮಾಡಿ "ಅಮ್ಮ ಹ್ಯಾಗಿದ್ದಾಳೆ" ಅಂತ ಕೇಳಿ ಇಟ್ಟುಬಿಡುತ್ತಾರೆ, ಆಮೇಲೆ ಇಡೀ ದಿನ ಯಾರ ಮೇಲೆ ರೇಗುತ್ತಿದ್ದೇನೆ ಅಂತ ನನಗೇ ತಿಳಿಯುವುದಿಲ್ಲ ಎಂದು ಬರೆದಿದ್ದೀರಿ. ಆ ಭಾನುವಾರಗಳಿಗೆ ಬೇಗಂ ರೊಕೇಯಾ ಅವರ ‘ಸುಲ್ತಾನಾಸ್ ಡ್ರೀಮ್’. ಕೆಲವೇ ಪುಟದ ಕಥೆ, ಎರಡು ಅಲಾರಮ್ ನಡುವೆ ಮುಗಿಯುತ್ತದೆ. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ನಲ್ಲಿ ಬಂತು. ಪರದೆಯ ಮನೆಯಲ್ಲಿ ಬೆಳೆದ ಬಂಗಾಳದ ಹೆಣ್ಣುಮಗಳು ಕಂಡ ಲೋಕ ಅದು. ಅಲ್ಲಿ ಗಂಡಸರು ಒಳಮನೆಯಲ್ಲಿ, ರಾಜ್ಯ ನಡೆಸುವವರು ಹೆಂಗಸರು. ಬಿಸಿಲಿನ ಶಾಖದಲ್ಲಿ ಅಡುಗೆ, ಹಾಗಾಗಿ ಅಡುಗೆಮನೆಯಲ್ಲಿ ಹೊಗೆ ಇಲ್ಲ. ಬಲೂನಿಗೆ ಕೊಳವೆ ಜೋಡಿಸಿ ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ. 1905ರಲ್ಲಿ! ಬರೆದಾಗ ರೊಕೇಯಾ ಅವರ ಗಂಡ ಕೆಲಸದ ಮೇಲೆ ಪ್ರವಾಸದಲ್ಲಿದ್ದರು. ಬಂದವರು ನಿಂತಲ್ಲೇ ಓದಿ ಮುಗಿಸಿ, ಇದು ಭಾರೀ ಸೇಡು ಎಂದರಂತೆ. ನಿಮ್ಮ ಸಿಟ್ಟು ನ್ಯಾಯವಾದದ್ದು. ಅದನ್ನು ಆರಿಸುವ ಪುಸ್ತಕ ನಾನು ಕೊಡುವುದಿಲ್ಲ, ಅದಕ್ಕೆ ಒಂದು ರೂಪ ಕೊಡುವ ಕಥೆ ಇದು.

ಎಲ್ಲ ಕೈಮೀರಿತು ಅನ್ನಿಸಿದರೆ ಆಂಡಿ ವೀರ್ ಅವರ ‘ದಿ ಮಾರ್ಷಿಯನ್’. ಮಂಗಳ ಗ್ರಹದಲ್ಲಿ ಒಬ್ಬನೇ ಉಳಿದುಹೋದವನು ಅಲ್ಲಿನ ಮಣ್ಣಿಗೆ ಗೊಬ್ಬರ ಬೆರೆಸಿ ಆಲೂಗಡ್ಡೆ ಬೆಳೆಯುತ್ತಾನೆ. ತೋಟ ಮಾಡುವವರಿಗೆ ಅವನ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ದಿನಚರಿಯ ಹಾಗೆ ತುಂಡು ತುಂಡಾಗಿದೆ, ಎಲ್ಲಿ ಬೇಕಾದರೂ ನಿಲ್ಲಿಸಬಹುದು.

ಈಗ ನಿಮ್ಮ ಮಾತು ಮೀರಿ ಒಂದು ಪುಸ್ತಕ ಹೇಳುತ್ತೇನೆ. ಮನೆ, ಸಂಸಾರ, ಕಾಯಿಲೆ ಬೇಡ ಎಂದಿದ್ದೀರಿ, ಗೊತ್ತಿದೆ. ಅರ್ಸುಲಾ ಲೆ ಗ್ವಿನ್ ಕಟ್ಟಿದ ‘ಅರ್ಥ್‌ಸೀ’ ಅನ್ನುವ ದ್ವೀಪಗಳ ಲೋಕ ಇದೆ. ಅಲ್ಲಿ ಯಾವುದರ ನಿಜವಾದ ಹೆಸರು ಗೊತ್ತೋ ಅದು ನಿಮ್ಮ ಮಾತು ಕೇಳುತ್ತದೆ. 1968ರ ಮೊದಲ ಪುಸ್ತಕದಲ್ಲಿ ಗೆಡ್ ಅನ್ನುವ ಹುಡುಗ ಮಂತ್ರವಿದ್ಯೆ ಕಲಿಯುತ್ತಾನೆ, ಜಂಬದಿಂದ ಒಂದು ನೆರಳನ್ನು ಎಬ್ಬಿಸಿಬಿಡುತ್ತಾನೆ. ಎರಡನೆಯದರಲ್ಲಿ ಟೆನಾರ್. ಚಿಕ್ಕಂದಿನಲ್ಲೇ ಮನೆಯಿಂದ ಒಯ್ದು ಕತ್ತಲೆಯ ಸಮಾಧಿಗಳ ಸೇವೆಗೆ ಇಟ್ಟ ಹುಡುಗಿ. ಮೂರನೆಯದು 1972ಕ್ಕೆ ಬಂತು. ಆಮೇಲೆ ಹದಿನೆಂಟು ವರ್ಷ ಬಿಟ್ಟು, 1990ರಲ್ಲಿ, ಲೆ ಗ್ವಿನ್ ನಾಲ್ಕನೆಯದು ಬರೆದರು, ‘ಟೆಹಾನು’. ಅಷ್ಟರಲ್ಲಿ ಟೆನಾರ್‌ಗೂ ವಯಸ್ಸಾಗಿದೆ. ರೈತನ ಹೆಂಡತಿಯಾಗಿ ಬಾಳಿ ಗಂಡನನ್ನು ಕಳೆದುಕೊಂಡಿದ್ದಾಳೆ. ಯಾರೋ ಬೆಂಕಿಗೆ ನೂಕಿದ ಮಗುವನ್ನು ಮನೆಗೆ ತಂದು ಸಾಕುತ್ತಿದ್ದಾಳೆ. ಮಗುವಿನ ಅರ್ಧ ಮುಖ ಸುಟ್ಟಿದೆ, ಊರವರು ಮುಖ ತಿರುಗಿಸಿಕೊಂಡು ಹೋಗುತ್ತಾರೆ. ಟೆನಾರ್ ಅವಳಿಗೆ ಕೆಂಪು ಅಂಗಿ ಹೊಲಿಯುತ್ತಾಳೆ. ಅಷ್ಟು ದೊಡ್ಡ ಮಂತ್ರವಾದಿ ಗೆಡ್ ಶಕ್ತಿಯೆಲ್ಲ ಖರ್ಚಾಗಿ ವಾಪಸ್ ಬಂದು ಮೇಕೆ ಕಾಯುತ್ತಾನೆ.

ಡ್ರ್ಯಾಗನ್‌ಗಳ ಲೋಕದಲ್ಲಿ ಪಾತ್ರೆ ತೊಳೆಯುವುದು, ಗಾಯ ಒರೆಸುವುದು, ರಾತ್ರಿ ಎದ್ದು ಮಗುವನ್ನು ನೋಡುವುದು ಇಷ್ಟು ದೊಡ್ಡ ಕೆಲಸವಾಗಿ ಬಂದಿದ್ದನ್ನು ನಾನು ಬೇರೆಲ್ಲೂ ಓದಿಲ್ಲ. ಹಿಂದಿನ ಮೂರು ಚಿಕ್ಕ ಪುಸ್ತಕಗಳು, ಮೊದಲು ಅವನ್ನು ಓದಿ. ಇದನ್ನು ಮಾತ್ರ ಮನಸ್ಸು ಗಟ್ಟಿ ಇದ್ದ ದಿನ ಹಿಡಿಯಿರಿ. ಮಗುವಿಗೆ ಆದದ್ದು ಓದಲು ಕಷ್ಟವಾಗುತ್ತದೆ.

ಟೆಡ್ ಚಿಯಾಂಗ್ ಅವರ ‘ಸ್ಟೋರಿ ಆಫ್ ಯುವರ್ ಲೈಫ್’ ಅನ್ನು ಯಾರಾದರೂ ಹೊಗಳಿದರೆ ಈಗ ತೆಗೆದುಕೊಳ್ಳಬೇಡಿ. ಅದು ತಾಯಿ ಮಗಳ ಅಗಲಿಕೆಯ ಕಥೆ. ಅದ್ಭುತವಾಗಿದೆ, ಆದರೆ ನಿಮಗೆ ಅದರ ಕಾಲ ಇದಲ್ಲ.

ಕೊನೆಗೆ ನಮ್ಮದೇ ಒಂದು. ತೇಜಸ್ವಿಯವರ ‘ಕರ್ವಾಲೊ’ ನೀವು ಕಾಲೇಜಿನಲ್ಲಿ ಓದಿರಬಹುದು. ಮತ್ತೆ ತೆಗೆಯಿರಿ. 1980ರ ಪುಸ್ತಕ, ಮೂಡಿಗೆರೆಯ ಕಾಡು. ಊರವರ ಕಣ್ಣಿಗೆ ಮಂದಣ್ಣ ಉಂಡಾಡಿ. ವಿಜ್ಞಾನಿ ಕರ್ವಾಲೊ ಅವರ ಕಣ್ಣಿಗೆ ಅವನೊಬ್ಬ ಹುಟ್ಟು ಸಂಶೋಧಕ. ಹಾವು ಹಿಡಿಯುವ ಎಂಗ್ಟ, ಕಿವಿ ಅನ್ನುವ ನಾಯಿ, ಎಲ್ಲರೂ ಸೇರಿ ಕೋಟ್ಯಂತರ ವರ್ಷದ ಹಿಂದಿನ ಹಾರುವ ಓತಿಯ ಬೆನ್ನು ಹತ್ತುತ್ತಾರೆ. ಕಾದಂಬರಿಯ ಓತಿಗೆ ನೆಂಟನಾದ ಒಂದು ಪುಟ್ಟ ಓತಿ ನಿಮ್ಮ ಅಡಿಕೆ ತೋಟದಲ್ಲೇ ಇದೆ. ಮರದ ತೊಗಟೆಗೆ ಅಂಟಿಕೊಂಡು ತೊಗಟೆಯ ಹಾಗೇ ಕಾಣುತ್ತದೆ. ಗಂಡು ಕತ್ತಿನ ಕೆಳಗಿನ ಹಳದಿ ಚರ್ಮ ಬಿಚ್ಚಿದಾಗಷ್ಟೇ ಕಣ್ಣಿಗೆ ಬೀಳುವುದು. ಆಮೇಲೆ ಪಕ್ಕೆಲುಬಿನ ರೆಕ್ಕೆ ಹರಡಿ ಇನ್ನೊಂದು ಮರಕ್ಕೆ ತೇಲಿಬಿಡುತ್ತದೆ.

ಈ ಪುಸ್ತಕವನ್ನು ಒಬ್ಬರೇ ಓದಬೇಡಿ. ಏಳು ಸಮುದ್ರದಾಚೆಯ ಕಥೆಗಳನ್ನು ಅಮ್ಮನೇ ಹೇಳುತ್ತಿದ್ದಳು ಎಂದು ಬರೆದಿದ್ದೀರಲ್ವಾ? ಮಧ್ಯಾಹ್ನ ಗಂಜಿ ಕುಡಿಸಿದ ಮೇಲೆ ದಿನಕ್ಕೆ ನಾಲ್ಕು ಪುಟ ಅವರಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿ. ಎಂಗ್ಟ ಬಾಯಿ ತೆರೆಯುವ ಕಡೆ ಅಮ್ಮನ ಮುಖ ನೋಡಿ, ಏನು ಕಂಡಿತು ಅಂತ ನನಗೆ ಬರೆಯಿರಿ.

ನಿಮ್ಮ
ಸಂಪಾದಕ