ಹಣ್ಣು ಹಂಚಿ ಬಂದರೆ ಸಾಕೇ?

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕಿ. ನಮ್ಮ ಎಂಟನೇ ತರಗತಿಯವರಿಗೆ ವಯಸ್ಸಾದವರೆಂದರೆ ತಾತ್ಸಾರ. ಅಕ್ಟೋಬರ್ 1ರ ಹಿರಿಯರ ದಿನಕ್ಕೆ ವೃದ್ಧಾಶ್ರಮಕ್ಕೆ ಕರೆದೊಯ್ದು ಹಣ್ಣು ಹಂಚಿಸೋಣ ಎಂದಿದ್ದೇವೆ. ಉಪಯೋಗವಾದೀತೇ?

ಉತ್ತರ: ತಿರುಗುಬಾಣವಾಗಲೂಬಹುದು. ಕೊಡುವವರು ಮಕ್ಕಳು, ಕೈ ಚಾಚುವವರು ಹಿರಿಯರು ಎಂದಾದಾಗ ‘ಪಾಪ, ಕೈಲಾಗದವರು’ ಎಂಬ ಭಾವನೆಯೇ ಗಟ್ಟಿಯಾಗುತ್ತದೆ. ಮರುಕವೂ ಪೂರ್ವಗ್ರಹವೇ. ಇಬ್ಬರಿಗೂ ಸಮಾನ ಸ್ಥಾನ, ಒಂದೇ ಗುರಿ, ಕೂಡಿ ಮಾಡುವ ಕೆಲಸ, ಶಾಲೆಯ ಬೆಂಬಲ: ಪೂರ್ವಗ್ರಹ ಸಡಿಲವಾಗಲು ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲೇ ಹೇಳಿದ ಷರತ್ತುಗಳಿವು.

ಹಿರಿಯರನ್ನೇ ಶಾಲೆಗೆ ಕರೆಯಿರಿ. ಒಬ್ಬರಲ್ಲ, ಐದಾರು ಮಂದಿ: ನಿವೃತ್ತ ಲೈನ್‌ಮ್ಯಾನ್, ಟೈಲರ್, ರೈತ ಮಹಿಳೆ, ಈಗಲೂ ಅಂಗಡಿ ನಡೆಸುವವರು. ಒಬ್ಬರೇ ಬಂದರೆ ಮಕ್ಕಳು ‘ಇವರೊಬ್ಬರು ಬೇರೆ ಥರ’ ಎಂದು ಪಕ್ಕಕ್ಕಿಟ್ಟು ಬಿಡುತ್ತಾರೆ. ವಾರಕ್ಕೊಮ್ಮೆ 45 ನಿಮಿಷ, ಆರು ವಾರ. ಒಬ್ಬ ಹಿರಿಯರಿಗೆ ಮೂವರು ಮಕ್ಕಳು ಸಾಕು. ಊರಿನ ಹಳೆಯ ಬಾವಿ, ಕೆರೆ, ಅಂಗಡಿ ಬೀದಿಯ ನಕ್ಷೆ ಬರೆಯುವ ಕೆಲಸ ಕೊಡಿ. ನೆನಪು ಅವರದು, ಅಳತೆ ಇವರದು. ಬರೀ ಮೊಬೈಲ್ ಕಲಿಸಲು ಹಚ್ಚಿದರೆ ಹಿರಿಯರು ಮತ್ತೆ ದಡ್ಡ ವಿದ್ಯಾರ್ಥಿಗಳಾಗುತ್ತಾರೆ.

ಮೊದಲ ಭೇಟಿಗೆ ಮುಂಚೆ ಒಂದು ಪಿರಿಯಡ್ ಬೇಕು. ‘70 ವರ್ಷದವರು’ ಎಂದೊಡನೆ ಹೊಳೆಯುವ ಹತ್ತು ಪದಗಳನ್ನು ಹೆಸರು ಹಾಕದೆ ಬರೆಸಿ, ಎತ್ತಿಡಿ. ಕೊನೆಯಲ್ಲಿ, ಆಮೇಲೆ ಎರಡು ತಿಂಗಳು ಬಿಟ್ಟು ಮತ್ತೆ ಬರೆಸಿ ಹೋಲಿಸಿ.

ಕೆಡುವುದು ಹೆಚ್ಚಾಗಿ ಸಣ್ಣ ಸಂಗತಿಗಳಿಂದ. ವಯಸ್ಸಾದಂತೆ ಮೊದಲು ಕುಂದುವುದು ಕೀಚಲು ದನಿಯನ್ನು ಹಿಡಿಯುವ ಶಕ್ತಿ. ‘ಸ’, ‘ತ’ದಂಥ ಅಕ್ಷರಗಳು ಕಲಸಿಹೋಗುತ್ತವೆ. ಕಿರುಚಿದರೆ ಸದ್ದು ಏರುತ್ತದೆಯೇ ಹೊರತು ಮಾತು ತಿಳಿಯಾಗದು. ಎದುರಿಗೆ ಕೂತು, ಮುಖದ ಮೇಲೆ ಬೆಳಕು ಬೀಳುವಂತೆ, ನಿಧಾನವಾಗಿ ಮಾತಾಡಲು ಹೇಳಿಕೊಡಿ. ಸದ್ದು ಮಾಡುವ ಫ್ಯಾನ್ ಆರಿಸಿ. ಹಿರಿಯರಿಗೂ ಒಂದು ಮಾತು ಹೇಳಿಡಿ: ‘ನಮ್ಮ ಕಾಲದಲ್ಲಿ’ ಶುರುವಾದರೆ ಹದಿಮೂರರ ಹುಡುಗರ ಕಿವಿ ಮುಚ್ಚಿತೆಂದೇ ಲೆಕ್ಕ. ಪ್ರತಿ ಭೇಟಿಯಲ್ಲೂ ಅವರು ಮಕ್ಕಳಿಗೆ ಎರಡು ಪ್ರಶ್ನೆಯನ್ನಾದರೂ ಕೇಳಲಿ.

ಕಿವಿಗೆ ಹತ್ತಿ ತುರುಕಿ, ಮಂಜು ಕನ್ನಡಕ ಹಾಕಿಸಿ ಮುಪ್ಪನ್ನು ‘ಅನುಭವಿಸುವ’ ಆಟವನ್ನಂತೂ ಬಿಡಿ. ಅನುಕಂಪದ ಜೊತೆ ಮುಪ್ಪಿನ ಭಯವೂ ಬೆಳೆದೀತು.

ಪ್ರಶ್ನೆ: ಅಜ್ಜಿ ನಮ್ಮ ಮನೆಯಲ್ಲೇ ಇದ್ದಾರೆ. ಆದರೂ ಹದಿನೈದರ ಮಗನಿಗೆ ಅವರ ಮಾತೆಂದರೆ ಉಡಾಫೆ. ಏಕೆ?

ಉತ್ತರ: ಒಂದೇ ಸೂರಿನಡಿ ಇರುವುದು ಬೇರೆ, ಒಡನಾಟ ಬೇರೆ. ನಾಲ್ಕು ವರ್ಷದ ಮಕ್ಕಳಿಗೇ ಮುಪ್ಪಿನ ಬಗೆಗಿನ ಸಿದ್ಧ ಕಲ್ಪನೆಗಳ ಅರಿವಿರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2021ರ ವರದಿ ಹೇಳುತ್ತದೆ. ಅವು ಎಲ್ಲಿಂದ ಬರುತ್ತವೆ? ‘ಸುಮ್ನಿರಮ್ಮ, ನಿಂಗೆ ಗೊತ್ತಾಗಲ್ಲ’, ‘ಅರವತ್ತಕ್ಕೆ ಅರಳು ಮರಳು’ ಎಂದು ಮನೆಯಲ್ಲಿ ಅನ್ನುವವರು ಯಾರೆಂದು ಒಂದು ವಾರ ಗಮನಿಸಿ. ಆಮೇಲೆ ಅಜ್ಜಿಗೆ ನಿಜವಾದ ಅಧಿಕಾರವಿರುವ ಒಂದು ಕೆಲಸ ಬಿಟ್ಟುಕೊಡಿ. ವಾರದ ತರಕಾರಿ ದುಡ್ಡು ಅವರ ಕೈಯಲ್ಲಿರಲಿ, ಚೀಲ ಹಿಡಿದು ಮಗ ಜೊತೆಗೆ ಹೋಗಲಿ. ಲೆಕ್ಕ ತಪ್ಪಿದರೂ ನೀವು ನಡುವೆ ಬಾಯಿ ಹಾಕಬೇಡಿ.